ಅಜ್ಜಿಯ ಟ್ರಂಕಿನಲ್ಲಿ 1962ರ ರಸೀದಿ ಸಿಕ್ಕಿತು. ಚೀನಾ ಯುದ್ಧದ ಆ ದಿನಗಳಲ್ಲಿ ಊರೊಳಗೆ ಏನೇನು ನಡೆಯಿತು?

ತುರುವೇಕೆರೆ ಮೊಮ್ಮಗಳು:

ಎಲ್ಲರಿಗೂ ನಮಸ್ಕಾರ. ಕಳೆದ ವಾರ ತುರುವೇಕೆರೆ ಹತ್ತಿರದ ನಮ್ಮ ಹಳೇ ಮನೆ ಖಾಲಿ ಮಾಡುತ್ತಿದ್ದೆವು. ಅಜ್ಜಿಯ ಟ್ರಂಕಿನ ತಳದಲ್ಲಿ, ಮದುವೆ ಸೀರೆಯ ಮಡಿಕೆಯೊಳಗೆ ಒಂದು ರಸೀದಿ ಸಿಕ್ಕಿತು. ಮೇಲೆ ರಾಷ್ಟ್ರೀಯ ರಕ್ಷಣಾ ನಿಧಿ ಅಂತ ಇದೆ. ನವೆಂಬರ್ 1962. ಅಜ್ಜಿಯ ಹೆಸರನ್ನು ಇಂಕಿನಲ್ಲಿ ಬರೆದಿದ್ದಾರೆ, ಅದರ ಮುಂದೆ "ಚಿನ್ನದ ಬಳೆ, ಒಂದು ಜೊತೆ" ಅಂತ.

ಅಜ್ಜಿ ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಯಿತು. ಈ ವಿಷಯ ಅವರು ಯಾರ ಹತ್ತಿರವೂ ಹೇಳಿದ್ದಿಲ್ಲ. ಅಮ್ಮನಿಗೆ ಆಗ ಎರಡು ವರ್ಷ. ಅವಳಿಗೆ ಗೊತ್ತಿರುವುದು ಇಷ್ಟೇ, ತನ್ನ ತಾಯಿಯ ಕೈಯಲ್ಲಿ ಯಾವಾಗಲೂ ಗಾಜಿನ ಬಳೆ ಮಾತ್ರ ಇರುತ್ತಿತ್ತು. ಮನೆಯಲ್ಲಿ ಕಷ್ಟ ಇತ್ತು, ಮಾರಿರಬೇಕು ಅಂದುಕೊಂಡಿದ್ದೆವು. ರಸೀದಿ ನೋಡಿದ ಮೇಲೆ ಅಮ್ಮ ಒಂದು ಗಂಟೆ ಮಾತೇ ಆಡಲಿಲ್ಲ.

ಯುದ್ಧ ಅಕ್ಟೋಬರ್ 20ಕ್ಕೆ ಶುರುವಾಗಿ ನವೆಂಬರ್ 21ಕ್ಕೆ ನಿಂತಿತು ಅಂತ ಶಾಲೆಯಲ್ಲಿ ಓದಿದ್ದು ನೆನಪಿದೆ. ಒಂದು ತಿಂಗಳು, ಅಷ್ಟೇ ಅಲ್ವಾ? ಹುಡುಕಿದರೆ ನಾಮ್ಕಾ ಚು, ಸೇಲಾ, ರೆಜಾಂಗ್ ಲಾ ಅಂತ ಗಡಿಯ ಕಥೆಯೇ ಸಿಗುತ್ತದೆ. ನನಗೆ ಬೇಕಾಗಿರುವುದು ಬೇರೆ. ಎರಡು ಸಾವಿರ ಕಿಲೋಮೀಟರಿಗಿಂತ ಜಾಸ್ತಿ ದೂರದಲ್ಲಿ ಇದ್ದ, ಚೀನಾದ ಹೆಸರು ಬಿಟ್ಟರೆ ಏನೂ ಗೊತ್ತಿಲ್ಲದ, ಕೈಯಲ್ಲಿ ಎರಡು ವರ್ಷದ ಮಗು ಇದ್ದ ಒಬ್ಬ ಹೆಂಗಸು ಮದುವೆಯ ಬಳೆ ತೆಗೆದುಕೊಡುವಷ್ಟು ಏನಾಗಿತ್ತು ಆಗ? ಯಾರಾದರೂ ಒತ್ತಾಯ ಮಾಡುತ್ತಿದ್ದರಾ? ಕೊಟ್ಟ ಚಿನ್ನ ವಾಪಸ್ ಬರುವುದಿತ್ತಾ? ದೆಹಲಿಯಲ್ಲಿ ಆಗ ರಾಜಕೀಯ ಹೇಗಿತ್ತು? ಗೊತ್ತಿರುವವರು ದಯವಿಟ್ಟು ಹೇಳಿ. ಮನೆಯ ಹಿರಿಯರಿಂದ ಕೇಳಿದ್ದಾದರೂ ಸರಿ.

ಹಳೇ ಪೇಪರ್ ಓದುವವನು:

ಮೊದಲು ಚಿನ್ನದ ಪ್ರಶ್ನೆಗೆ ಉತ್ತರ. ಆಗ ಎರಡು ದಾರಿ ಇತ್ತು. ಒಂದು ರಕ್ಷಣಾ ನಿಧಿ, ಅದು ಪೂರ್ತಿ ದಾನ. ಕೊಟ್ಟರೆ ಕೊಟ್ಟ ಹಾಗೆ, ವಾಪಸ್ ಇಲ್ಲ. ಇನ್ನೊಂದು ನವೆಂಬರ್ 1962ರಲ್ಲಿ ಸರ್ಕಾರ ಹೊರಡಿಸಿದ ಚಿನ್ನದ ಬಾಂಡು. ಅದರಲ್ಲಿ ಚಿನ್ನ ಕೊಟ್ಟರೆ ವರ್ಷಕ್ಕೆ 6.5% ಬಡ್ಡಿ, 15 ವರ್ಷ ಆದ ಮೇಲೆ, ಅಂದರೆ 1977ರಲ್ಲಿ, ಅಸಲು ರೂಪಾಯಿಯಲ್ಲಿ ವಾಪಸ್. ಆದರೆ ಬೆಲೆ ಕಟ್ಟಿದ್ದು ಅಂತರರಾಷ್ಟ್ರೀಯ ಲೆಕ್ಕದಲ್ಲಿ, 10 ಗ್ರಾಂಗೆ 53 ರೂಪಾಯಿ 58 ಪೈಸೆ. ಇಲ್ಲಿನ ಅಂಗಡಿಯಲ್ಲಿ ಅದರ ಎರಡರಷ್ಟು ಇತ್ತು. ನಿಮ್ಮ ಅಜ್ಜಿ ಬಾಂಡಿಗೆ ಕೊಟ್ಟಿಲ್ಲ, ನಿಧಿಗೆ ಕೊಟ್ಟಿದ್ದಾರೆ. ಬಡ್ಡಿಯನ್ನೂ ಕೇಳಿಲ್ಲ, ಅಸಲನ್ನೂ ಕೇಳಿಲ್ಲ.

ಇನ್ನು ದೆಹಲಿ. 1962ರ ಫೆಬ್ರವರಿಯಲ್ಲಿ ಚುನಾವಣೆ ಮುಗಿದಿತ್ತು, ಲೋಕಸಭೆಯ 494 ಸ್ಥಾನದಲ್ಲಿ ಕಾಂಗ್ರೆಸ್ಸಿಗೆ 361. ನೆಹರು ಅವರನ್ನು ಅಲುಗಾಡಿಸುವವರು ಯಾರೂ ಇರಲಿಲ್ಲ. ಅಕ್ಟೋಬರ್ 12ರಂದು ಸಿಲೋನಿಗೆ (ಈಗಿನ ಶ್ರೀಲಂಕಾ) ಹೊರಟ ಅವರು, ನಮ್ಮ ನೆಲದಿಂದ ಚೀನಾದವರನ್ನು ತೆರವು ಮಾಡಿ ಅಂತ ಸೈನ್ಯಕ್ಕೆ ಹೇಳಿದ್ದೇವೆ ಅಂತ ಪತ್ರಿಕೆಯವರಿಗೆ ಹೇಳಿದರು. ಎಂಟೇ ದಿನದಲ್ಲಿ ನೇಫಾ (ಈಗಿನ ಅರುಣಾಚಲ ಪ್ರದೇಶ), ಲಡಾಖ್ ಎರಡೂ ಕಡೆ ಚೀನಾ ಒಟ್ಟಿಗೆ ನುಗ್ಗಿತು. ಆಮೇಲೆ ನೆಹರು ಅವರೇ ಒಪ್ಪಿಕೊಂಡರು, ನಾವೇ ಕಟ್ಟಿಕೊಂಡ ಒಂದು ಕೃತಕ ಲೋಕದಲ್ಲಿ ಬದುಕುತ್ತಿದ್ದೆವು ಅಂತ. ಪ್ರಧಾನಿಯೊಬ್ಬರು ಯುದ್ಧದ ಮಧ್ಯೆ ಹಾಗೆ ಹೇಳುವುದು ಸಣ್ಣ ಮಾತಲ್ಲ. ಅದನ್ನು ನಾನು ಗೌರವಿಸುತ್ತೇನೆ. ಆದರೆ ಆ ಹೊತ್ತಿಗೆ ಹತ್ತಿ ಬಟ್ಟೆ, ಕ್ಯಾನ್ವಾಸ್ ಶೂ ಹಾಕಿಕೊಂಡ ಹುಡುಗರು ಹಿಮದಲ್ಲಿ ನಿಂತಿದ್ದರು.

ಅಕ್ಟೋಬರ್ 26ಕ್ಕೆ ರಾಷ್ಟ್ರಪತಿ ರಾಧಾಕೃಷ್ಣನ್ ತುರ್ತು ಪರಿಸ್ಥಿತಿ ಘೋಷಿಸಿದರು. ಸಂವಿಧಾನ ಬಂದ ಮೇಲೆ ಅದೇ ಮೊದಲು. ಅದೇ ದಿನ ಭಾರತ ರಕ್ಷಣಾ ಸುಗ್ರೀವಾಜ್ಞೆಯೂ ಬಂತು. ಅಂದರೆ ವಿಚಾರಣೆ ಇಲ್ಲದೆ ಯಾರನ್ನು ಬೇಕಾದರೂ ಒಳಗೆ ಹಾಕಬಹುದು. ನವೆಂಬರ್ 3ಕ್ಕೆ ಇನ್ನೊಂದು ಆದೇಶ, ಹಾಗೆ ಬಂಧನವಾದವರು ತಮ್ಮ ಮೂಲಭೂತ ಹಕ್ಕು ಕೇಳಿಕೊಂಡು ಕೋರ್ಟಿಗೆ ಹೋಗುವ ದಾರಿಯೂ ಮುಚ್ಚಿತು. ಇದೆಲ್ಲ ಎರಡು ವಾರದೊಳಗೆ.

ಜನರ ಸಿಟ್ಟು ಪೂರ್ತಿ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಮೇಲೆ ತಿರುಗಿತು. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ ಸೇನೆಯ ಮುಖ್ಯಸ್ಥರಾಗಿದ್ದಾಗ, 1959ರಲ್ಲೇ, ಇದೇ ಮೆನನ್ ಜೊತೆ ಹೊಂದಿಕೆಯಾಗದೆ ರಾಜೀನಾಮೆ ಬರೆದುಕೊಟ್ಟಿದ್ದರು. ನೆಹರು ಒಪ್ಪಿಸಿ ವಾಪಸ್ ತೆಗೆಸಿದರು. 1961ರಲ್ಲಿ ತಿಮ್ಮಯ್ಯ ನಿವೃತ್ತರಾದರು. ಮೂರು ವರ್ಷ ಮೊದಲೇ ಬಿದ್ದ ಗಂಟೆ ಅದು, ಕೇಳಿಸಿಕೊಳ್ಳಬೇಕಿತ್ತು. ಅಕ್ಟೋಬರ್ 31ಕ್ಕೆ ನೆಹರು ರಕ್ಷಣಾ ಖಾತೆಯನ್ನು ತಾವೇ ಇಟ್ಟುಕೊಂಡು ಮೆನನ್‌ಗೆ ರಕ್ಷಣಾ ಉತ್ಪಾದನೆ ಅಂತ ಬೇರೆ ಖಾತೆ ಕೊಟ್ಟರು. ಯಾರಿಗೂ ಸಮಾಧಾನ ಆಗಲಿಲ್ಲ. ಮೆನನ್ ಹೋಗಲೇಬೇಕು ಅಂತ ಹೋರಾಡಿದ್ದು ವಿರೋಧ ಪಕ್ಷದವರಿಗಿಂತ ಜಾಸ್ತಿ ಕಾಂಗ್ರೆಸ್ಸಿನ ಸಂಸದರೇ. ನವೆಂಬರ್ 7ಕ್ಕೆ ಮೆನನ್ ಹೊರಗೆ ಹೋದರು. ಮಹಾರಾಷ್ಟ್ರದ ಮುಖ್ಯಮಂತ್ರಿಯಾಗಿದ್ದ ಯಶವಂತರಾವ್ ಚವಾಣ್ ಆ ಜಾಗಕ್ಕೆ ಬಂದರು. ಅವರು ಅಧಿಕಾರ ತೆಗೆದುಕೊಳ್ಳುವ ಹೊತ್ತಿಗೆ ಯುದ್ಧವೇ ನಿಂತುಹೋಗಿತ್ತು.

ಅರಸೀಕೆರೆ ಮೇಷ್ಟ್ರು:

ಮಗಳೇ, ನಾನು ಆಗ ಐದನೇ ತರಗತಿ. ಈಗ ನಿವೃತ್ತ. ಕಣ್ಣು ಸರಿ ಇಲ್ಲ, ಮೊಮ್ಮಗನ ಹತ್ತಿರ ಟೈಪ್ ಮಾಡಿಸುತ್ತಿದ್ದೇನೆ.

ಆ ವರ್ಷ ಶುರುವಾಗಿದ್ದೇ ಹೆದರಿಕೆಯಲ್ಲಿ. ಫೆಬ್ರವರಿಯಲ್ಲಿ ಅಷ್ಟಗ್ರಹ ಕೂಟ, ಪ್ರಳಯ ಆಗುತ್ತದೆ ಅಂತ ಊರಲ್ಲೆಲ್ಲಾ ಹೋಮ, ಭಜನೆ. ಏನೂ ಆಗಲಿಲ್ಲ. ಅಕ್ಟೋಬರಿನಲ್ಲಿ ಚೀನಾ ನುಗ್ಗಿತು ಅಂದಾಗ ನಮ್ಮ ಅಜ್ಜ, "ನೋಡಿ, ಗ್ರಹದ ಫಲ ಈಗ ಬಂತು" ಅಂದರು.

ದೀಪಾವಳಿ ಅಮಾವಾಸ್ಯೆ ಆ ಸಲ ಅಕ್ಟೋಬರ್ 28. ಅಂದರೆ ತುರ್ತು ಪರಿಸ್ಥಿತಿ ಘೋಷಣೆಯಾಗಿ ಎರಡೇ ದಿನ. ನಮ್ಮ ಬೀದಿಯಲ್ಲಿ ಆ ವರ್ಷ ಪಟಾಕಿ ಹೊಡೆಯಲಿಲ್ಲ. ಹೊಡೆಯಬೇಡಿ ಅಂತ ಯಾರೂ ಹೇಳಿರಲಿಲ್ಲ. ಪಟಾಕಿಗೆ ಅಂತ ಅಪ್ಪ ಕೊಟ್ಟಿದ್ದ ಐವತ್ತು ನಯಾ ಪೈಸೆಯನ್ನು ನಾನು ಶಾಲೆಯ ಡಬ್ಬಿಗೆ ಹಾಕಿದೆ. ಡಬ್ಬಿ ಅಂದರೆ ಬಿಸ್ಕತ್ತಿನ ತಗಡು, ಮುಚ್ಚಳದಲ್ಲಿ ಸೀಳು ಮಾಡಿ, ಮೇಲೆ ಕೆಂಪು ಅಕ್ಷರದಲ್ಲಿ "ಜವಾನರಿಗೆ" ಅಂತ ಬರೆದಿದ್ದರು. ಹೆಡ್ಮಾಸ್ಟರು ಬೆಳಗ್ಗೆ ಪ್ರಾರ್ಥನೆ ಆದ ಮೇಲೆ ಪೇಪರ್ ಓದಿ ಹೇಳುತ್ತಿದ್ದರು. ತವಾಂಗ್ ಹೋಯಿತು ಅಂತ ಓದಿದ ದಿನ ಅವರ ಧ್ವನಿ ಕಟ್ಟಿತು. ತವಾಂಗ್ ಎಲ್ಲಿದೆ ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ. ಗೋಡೆಯ ಭೂಪಟದಲ್ಲಿ ಆ ಹೆಸರೇ ಇರಲಿಲ್ಲ. ಮೇಷ್ಟ್ರು ಬಲಗಡೆಯ ಮೇಲಿನ ಮೂಲೆಯಲ್ಲಿ ಸೀಮೆಸುಣ್ಣದಿಂದ ಒಂದು ಚುಕ್ಕಿ ಇಟ್ಟರು.

ಅರಸೀಕೆರೆ ಜಂಕ್ಷನ್ ಊರು, ಆದ್ದರಿಂದ ಯುದ್ಧ ನಮಗೆ ಕಂಡಿದ್ದು ರೈಲಿನಲ್ಲಿ. ರಜೆಗೆ ಬಂದಿದ್ದ ಸಿಪಾಯಿಗಳಿಗೆ ತಂತಿ ಬರುತ್ತಿತ್ತು, ಅವರು ಹಸಿರು ಪೆಟ್ಟಿಗೆ ಹೊತ್ತುಕೊಂಡು ಸ್ಟೇಷನ್ನಿಗೆ ಬರುತ್ತಿದ್ದರು, ಹಿಂದೆ ಮನೆಯವರೆಲ್ಲಾ. ಹೆಂಗಸರು ಅವಲಕ್ಕಿ ಉಂಡೆ, ಬಾಳೆಹಣ್ಣು, ನೀರು ಇಟ್ಟುಕೊಂಡು ಪ್ಲಾಟ್‌ಫಾರಂನಲ್ಲಿ ನಿಲ್ಲುತ್ತಿದ್ದರು, ಯಾರ ಮಗನೋ ಏನೋ, ಕಿಟಕಿಯೊಳಗೆ ಕೈ ಹಾಕಿ ಕೊಡುತ್ತಿದ್ದರು. ಇದನ್ನು ಸಂಘಟನೆ ಮಾಡಿದವರು ಯಾರೂ ಇರಲಿಲ್ಲ.

ಇನ್ನೊಂದು, ಸ್ವೆಟರ್. ನಮ್ಮ ಕಡೆ ಆಗ ಯಾರಿಗೆ ಸ್ವೆಟರ್ ಬೇಕಿತ್ತು? ಕಂಬಳಿ ಹೊದ್ದರೆ ಮುಗಿಯಿತು. ಆದರೆ ಮಹಿಳಾ ಸಮಾಜದಲ್ಲಿ ಹಸಿರು ಉಣ್ಣೆ ತಂದು ಹಂಚಿದರು, ಹೆಣೆಯಲು ಬರುತ್ತಿದ್ದ ಡಾಕ್ಟರ ಹೆಂಡತಿಯೊಬ್ಬರು ಎಲ್ಲರಿಗೂ ಕಲಿಸಿದರು. ನಮ್ಮ ತಾಯಿ ಒಂದು ತೋಳು ಹೆಣೆದು ಮುಗಿಸುವ ಹೊತ್ತಿಗೆ ಯುದ್ಧ ನಿಂತಿತು. ಆದರೂ ಮುಗಿಸಿ ಕಳಿಸಿದರು.

ಒತ್ತಾಯದ ಬಗ್ಗೆ ಕೇಳಿದ್ದೀರಿ. ನಾನು ಕಂಡಂತೆ ಮೊದಮೊದಲು ಇರಲಿಲ್ಲ. ಸಂಜೆ ಹಾರ್ಮೋನಿಯಂ ಹಿಡಿದು ಬೀದಿಯಲ್ಲಿ ಹಾಡುತ್ತಾ ಬರುತ್ತಿದ್ದರು, ಇಬ್ಬರು ಬಿಳಿ ಪಂಚೆಯ ತುದಿ ಹಿಡಿದುಕೊಂಡಿರುತ್ತಿದ್ದರು. ಜನ ಬಾಗಿಲಿಗೆ ಬಂದು ಅದರೊಳಗೆ ಹಾಕುತ್ತಿದ್ದರು. ದುಡ್ಡು, ಅಕ್ಕಿ, ಕೊಬ್ಬರಿ, ಬೆಳ್ಳಿ ಕಾಲುಂಗುರ ಕೂಡ. ಒಬ್ಬಾಕೆ ಮೂಗುತಿ ಬಿಚ್ಚಿ ಹಾಕಿದ್ದನ್ನು ಕಣ್ಣಾರೆ ನೋಡಿದ್ದೇನೆ. ಸ್ವಲ್ಪ ದಿನ ಆದ ಮೇಲೆ ಸಂಬಳದವರಿಗೆ ಒಂದು ದಿನದ ಸಂಬಳ ಅಂತ ಆಯಿತು, ಅಂಗಡಿಯವರ ಹೆಸರು ಪಟ್ಟಿಯಲ್ಲಿ ಬರತೊಡಗಿತು. ಪಟ್ಟಿ ಬಂದ ಮೇಲೆ ಅದು ಬೇರೆ ಆಗುತ್ತದೆ. ಇಷ್ಟು ಕೊಟ್ಟ, ಅಷ್ಟೇ ಕೊಟ್ಟ ಅಂತ ಮಾತು ಶುರುವಾಗುತ್ತದೆ. ಆದರೆ ಹಳ್ಳಿಯಲ್ಲಿದ್ದ ಒಬ್ಬ ಗೃಹಿಣಿಯ ಹೆಸರನ್ನು ಯಾರು ಪಟ್ಟಿಯಲ್ಲಿ ಬರೆಯುತ್ತಿದ್ದರು ಹೇಳಿ? ನಿಮ್ಮ ಅಜ್ಜಿ ಅವರಷ್ಟಕ್ಕೆ ಅವರೇ ಕೊಟ್ಟಿರುತ್ತಾರೆ. ಅದರಲ್ಲಿ ನನಗೆ ಅನುಮಾನವಿಲ್ಲ.

ಹುಬ್ಬಳ್ಳಿ ಮಂಜು:

ಮೇಷ್ಟ್ರು ಹೇಳಿದ್ದು ಓದಿ ಮೈ ಜುಮ್ ಅಂದಿತು. ಆಗ ಎಲ್ಲರೂ ಒಗ್ಗಟ್ಟಾಗಿದ್ದರು. ಯುದ್ಧದ ಹೊತ್ತಲ್ಲಿ ಸರ್ಕಾರವನ್ನು ಯಾರೂ ಪ್ರಶ್ನೆ ಮಾಡುತ್ತಿರಲಿಲ್ಲ. ಅದು ಈಗಲೂ ಹಾಗೇ ಇರಬೇಕು ಅನ್ನುವುದು ನನ್ನ ಅಭಿಪ್ರಾಯ.

ಹಳೇ ಪೇಪರ್ ಓದುವವನು:

ಮಂಜು ಅವರೇ, ಒಗ್ಗಟ್ಟು ಇತ್ತು ಅನ್ನುವುದು ನಿಜ. ಪ್ರಶ್ನೆ ಮಾಡುತ್ತಿರಲಿಲ್ಲ ಅನ್ನುವುದು ನಿಜವಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಈ ಮಾತು ಎಲ್ಲಾ ಕಡೆ ಕೇಳುತ್ತಿರುತ್ತೇನೆ.

ಗಡಿಯಲ್ಲಿ ಗುಂಡು ಹಾರುತ್ತಿರುವಾಗಲೇ ಸಂಸತ್ತು ಕರೆಯಿರಿ ಅಂತ ಕೇಳಿದವರು ವಿರೋಧ ಪಕ್ಷವಾಗಿದ್ದ ಜನಸಂಘದವರು. ವಾಜಪೇಯಿ ಅವರಿಗೆ ಆಗ 37 ವರ್ಷ, ರಾಜ್ಯಸಭೆಯಲ್ಲಿದ್ದರು. ನೆಹರು ಬೇಡ ಅನ್ನಬಹುದಿತ್ತು, ಅನ್ನಲಿಲ್ಲ. ಮೊದಲೇ ಗೊತ್ತಾಗಿದ್ದ ದಿನಕ್ಕಿಂತ ಮುಂಚೆ, ನವೆಂಬರ್ 8ಕ್ಕೆ ಅಧಿವೇಶನ ಶುರು ಮಾಡಿದರು. ಗುಟ್ಟಾಗಿ ಸಭೆ ನಡೆಸೋಣ, ಪೇಪರಿನವರು ಬೇಡ ಅಂತ ಒಬ್ಬ ಸಂಸದರು ಸಲಹೆ ಕೊಟ್ಟರು. ಅದನ್ನು ನೆಹರು ಒಪ್ಪಲಿಲ್ಲ. ಒಂದು ವಾರ ಬಾಗಿಲು ತೆರೆದೇ ಚರ್ಚೆ ನಡೆಯಿತು. ಬಂದೂಕು ಯಾಕೆ ಹಳೆಯದು, ಬಟ್ಟೆ ಯಾಕೆ ಇಲ್ಲ, ಇಷ್ಟು ವರ್ಷ ನಮಗೆ ಯಾಕೆ ಹೇಳಲಿಲ್ಲ ಅಂತ ನೇರವಾಗಿಯೇ ಕೇಳಿದರು. ಕೊನೆಗೆ ನವೆಂಬರ್ 14ಕ್ಕೆ, ಎಷ್ಟೇ ದೀರ್ಘವಾದರೂ ಎಷ್ಟೇ ಕಷ್ಟವಾದರೂ ನುಗ್ಗಿದವರನ್ನು ಹೊರಹಾಕುತ್ತೇವೆ ಅನ್ನುವ ನಿರ್ಣಯಕ್ಕೆ ಎಲ್ಲರೂ ಎದ್ದು ನಿಂತರು. ಬೈದವರೂ ನಿಂತರು. ನನ್ನ ಪ್ರಕಾರ ಒಗ್ಗಟ್ಟು ಅಂದರೆ ಅದು. ಅಧಿವೇಶನಕ್ಕೂ ಮೊದಲೇ ಸಂಸದರು ಪ್ರಶ್ನೆ ಎತ್ತದೆ ಹೋಗಿದ್ದರೆ ಮೆನನ್ ಅದೇ ಕುರ್ಚಿಯಲ್ಲಿರುತ್ತಿದ್ದರು.

ಬೇರೆ ಪಕ್ಷಗಳನ್ನೂ ನೋಡಿ. ದ್ರಾವಿಡ ನಾಡು ಬೇರೆ ದೇಶ ಆಗಬೇಕು ಅನ್ನುತ್ತಿದ್ದ ಡಿಎಂಕೆಯ ಅಣ್ಣಾದೊರೈ ಅವರು ಯುದ್ಧ ಬಂದ ಕೂಡಲೇ ಆ ಬೇಡಿಕೆಯನ್ನು ಬದಿಗಿಟ್ಟು ದೇಶದ ಜೊತೆ ನಿಂತರು. ಕಮ್ಯುನಿಸ್ಟ್ ಪಕ್ಷ ಒಳಗೇ ಒಡೆಯಿತು. ನವೆಂಬರ್ 1ಕ್ಕೆ ಅವರ ರಾಷ್ಟ್ರೀಯ ಮಂಡಳಿ ಚೀನಾ ಮಾಡಿದ್ದು ಆಕ್ರಮಣ ಅಂತ ನಿರ್ಣಯ ಮಾಡಿತು, ಆದರೆ ಒಂದು ಗುಂಪು ಒಪ್ಪಲಿಲ್ಲ. ಆಮೇಲೆ ಸರ್ಕಾರ ಆ ಎಡಗಡೆಯವರನ್ನು ನೂರಾರು ಸಂಖ್ಯೆಯಲ್ಲಿ ಹಿಡಿದು ಒಳಗೆ ಹಾಕಿತು, ಅದೂ ಕದನ ನಿಂತ ನವೆಂಬರ್ 21ರ ಆಸುಪಾಸಿನಲ್ಲಿ ಜಾಸ್ತಿ. ಎರಡು ವರ್ಷದಲ್ಲಿ, 1964ರಲ್ಲಿ, ಪಕ್ಷವೇ ಎರಡಾಯಿತು.

ಇದಕ್ಕಿಂತ ನೋವಿನ ಕಥೆ ಚೀನೀ ಮೂಲದ ಭಾರತೀಯರದ್ದು. ಅಸ್ಸಾಂ, ಡಾರ್ಜಿಲಿಂಗ್, ಶಿಲ್ಲಾಂಗ್ ಕಡೆ ತಲೆಮಾರುಗಳಿಂದ ಇದ್ದ ಜನ. ಚಹಾ ತೋಟದ ಕೆಲಸದವರು, ಬಡಗಿಗಳು, ಸಣ್ಣ ಹೋಟೆಲಿನವರು. ಮನೆಯಲ್ಲಿ ಅಸ್ಸಾಮಿ, ಹಿಂದಿ ಮಾತಾಡುತ್ತಿದ್ದವರು. ಸುಮಾರು 3,000 ಜನರನ್ನು ರೈಲಿನಲ್ಲಿ ತುಂಬಿ ರಾಜಸ್ಥಾನದ ದೇವಳಿ ಶಿಬಿರಕ್ಕೆ ಕಳಿಸಿದರು. ಮುದುಕರು, ಮಕ್ಕಳು, ಬಸುರಿಯರು ಎಲ್ಲಾ. ಆ ರೈಲು ದಿನಗಟ್ಟಲೆ ಓಡಿತು. ಕೆಲವರು ಅಲ್ಲೇ ನಾಲ್ಕೈದು ವರ್ಷ ಕಳೆದರು. ಕೆಲವರನ್ನು 1963ರಲ್ಲಿ ಮದ್ರಾಸಿನಿಂದ ಹಡಗು ಹತ್ತಿಸಿ, ಅವರು ಕಂಡೇ ಇರದ ಚೀನಾಕ್ಕೆ ಕಳಿಸಿದರು. ಹಿಂದಿರುಗಿದವರಿಗೆ ಮನೆ ಇರಲಿಲ್ಲ, ಶತ್ರುವಿನ ಆಸ್ತಿ ಅಂತ ಹರಾಜಾಗಿತ್ತು. ಒಂದೇ ತಿಂಗಳಲ್ಲಿ ಒಂದು ಕಡೆ ತುರುವೇಕೆರೆಯ ಅಜ್ಜಿ ಬಳೆ ಬಿಚ್ಚುತ್ತಿದ್ದರು, ಇನ್ನೊಂದು ಕಡೆ ಅಸ್ಸಾಮಿನ ಮಾಕುಮ್‌ನಲ್ಲಿ ಒಬ್ಬ ತಾಯಿ ಎರಡು ದಿನದ ಬಟ್ಟೆ ಮಾತ್ರ ಕಟ್ಟಿಕೊಂಡು ಪೊಲೀಸರ ಹಿಂದೆ ಹೋಗುತ್ತಿದ್ದಳು. ಎರಡೂ ನಮ್ಮ ದೇಶದಲ್ಲೇ ನಡೆದಿದ್ದು. ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳಬೇಕು ಅನ್ನಿಸುತ್ತದೆ ನನಗೆ.

ಮೊದಲು ಪ್ರಶ್ನೆ ಕೇಳಿದವರು ಯುದ್ಧ ಒಂದು ತಿಂಗಳು ಅಂದರು. ತುರ್ತು ಪರಿಸ್ಥಿತಿ ತೆಗೆದದ್ದು ಯಾವಾಗ ಗೊತ್ತೇ? 1968ರ ಜನವರಿ 10. ಐದು ವರ್ಷಕ್ಕಿಂತ ಜಾಸ್ತಿ. 1967ರ ಚುನಾವಣೆ ಕೂಡ ಅದರ ನೆರಳಲ್ಲೇ ನಡೆಯಿತು. ಮಧ್ಯದಲ್ಲಿ 1965ರ ಯುದ್ಧ ಬಂತು, ಸರಿ. ಆದರೆ ಜನ ಬಳೆ ಕೊಟ್ಟಿದ್ದು ಆ ತಿಂಗಳಿಗೆ. ಅದೇ ನಂಬಿಕೆಯ ಮೇಲೆ ಐದು ವರ್ಷ ಅಧಿಕಾರ ನಡೆಸಿದರು ಅನ್ನುವುದನ್ನು ಮರೆಯಬಾರದು.

ದಾವಣಗೆರೆ ಅಕ್ಕಸಾಲಿ ಮಗ:

ಚಿನ್ನದ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ಯುದ್ಧದ ಬಿಸಿ ನಮ್ಮ ಮನೆಗೆ ತಟ್ಟಿದ್ದು ಯುದ್ಧ ಮುಗಿದ ಮೇಲೆ.

ನಮ್ಮ ತಂದೆ ಅಕ್ಕಸಾಲಿ. ಅವರ ತಂದೆಯೂ. ನವೆಂಬರಿನಲ್ಲಿ ಮೆರವಣಿಗೆ ಬಂದಾಗ ನಮ್ಮ ತಂದೆಯೇ ಒರೆಗಲ್ಲು ಇಟ್ಟುಕೊಂಡು ಕೂತು, ಜನ ಕೊಟ್ಟ ಒಡವೆಯನ್ನು ಒರೆ ಹಚ್ಚಿ, ತೂಗಿ ಬರೆಸಿಕೊಡುತ್ತಿದ್ದರು. ಕೂಲಿ ತೆಗೆದುಕೊಳ್ಳಲಿಲ್ಲ. ತಮ್ಮ ಉಂಗುರವನ್ನೂ ಕೊಟ್ಟರು.

ಎರಡು ತಿಂಗಳೂ ಆಗಲಿಲ್ಲ. 1963ರ ಜನವರಿ 9ಕ್ಕೆ ಚಿನ್ನದ ನಿಯಂತ್ರಣ ಬಂತು. ಮೊರಾರ್ಜಿ ದೇಸಾಯಿ ಹಣಕಾಸು ಮಂತ್ರಿ. ಅದೇ ಭಾರತ ರಕ್ಷಣಾ ನಿಯಮದ ಕೆಳಗೆ ತಂದರು. ಇನ್ನು ಮೇಲೆ ಹೊಸ ಒಡವೆ 14 ಕ್ಯಾರೆಟ್ ಮೀರಬಾರದು. ಗಟ್ಟಿ ಚಿನ್ನ, ನಾಣ್ಯ ಇದ್ದರೆ ಸರ್ಕಾರಕ್ಕೆ ಲೆಕ್ಕ ಕೊಡಬೇಕು. ಕಾರಣ ಸುಳ್ಳೇನಲ್ಲ, ಕಳ್ಳಸಾಗಣೆಯಲ್ಲಿ ಚಿನ್ನ ಒಳಗೆ ಬರುತ್ತಿತ್ತು, ವಿದೇಶಿ ಹಣ ಹೊರಗೆ ಹೋಗುತ್ತಿತ್ತು, ಆಯುಧ ಕೊಳ್ಳಲು ಆ ಹಣ ಬೇಕಿತ್ತು. ಆದರೆ 14 ಕ್ಯಾರೆಟ್ ಅಂದರೆ 24 ಪಾಲಿನಲ್ಲಿ ಹತ್ತು ಪಾಲು ತಾಮ್ರ, ಬೆಳ್ಳಿ. 22 ಕ್ಯಾರೆಟ್ಟಿನಲ್ಲಿ ಎರಡೇ ಪಾಲು. ಬಣ್ಣ ಬೇರೆ, ಗಡಸು, ಸಣ್ಣ ತಂತಿ ಎಳೆದು ನಾಜೂಕು ಕೆಲಸ ಮಾಡಲು ಹೋದರೆ ಕೈಗೆ ಬಗ್ಗುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಯಾವ ತಂದೆ ಮಗಳ ತಾಳಿಯನ್ನು 14 ಕ್ಯಾರೆಟ್ಟಿನಲ್ಲಿ ಮಾಡಿಸುತ್ತಾನೆ? ಗಿರಾಕಿ ನಿಂತರು. ಕುಲುಮೆ ಆರಿತು.

ಹಲವು ಊರುಗಳಲ್ಲಿ ಅಕ್ಕಸಾಲಿಗರು ಜೀವ ಕಳೆದುಕೊಂಡರು. ನಮ್ಮ ತಂದೆಗೆ ಪರಿಚಯದವರೇ ಒಬ್ಬರು, ಕೆಲಸಕ್ಕೆ ಬಳಸುವ ಆಮ್ಲ ಕುಡಿದು ಹೋದರು. ತಂದೆ ಅಂಗಡಿ ಮುಚ್ಚಿ ಹತ್ತಿ ಗಿರಣಿಗೆ ಸೇರಿದರು. ಊದುಗೊಳವೆ ಹಿಡಿಯುತ್ತಿದ್ದ ಕೈ ನೂಲಿನ ಕೆಲಸಕ್ಕೆ ಬಗ್ಗಲಿಲ್ಲ, ಮೇಸ್ತ್ರಿಯ ಹತ್ತಿರ ಬೈಸಿಕೊಂಡು ಬರುತ್ತಿದ್ದರು. ಪರಿಹಾರಕ್ಕೆ ಅರ್ಜಿ ಹಾಕಿದರು, ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದರು, ಸಿಗಲಿಲ್ಲ. 1966ರಲ್ಲಿ 14 ಕ್ಯಾರೆಟ್ಟಿನ ಕಟ್ಟು ತೆಗೆದರು. ತಂದೆ ವಾಪಸ್ ಅಂಗಡಿ ತೆರೆದರು, ಆದರೆ ಗಿರಾಕಿಗಳು ಆಗಲೇ ಬೇರೆ ಕಡೆ ಹೋಗಿದ್ದರು. ನಾನು ಬ್ಯಾಂಕ್ ಪರೀಕ್ಷೆ ಬರೆದೆ. ನಮ್ಮ ಮನೆಯಲ್ಲಿ ಆ ಕೆಲಸ ಅವರಿಗೇ ಕೊನೆ. 1968ರಲ್ಲಿ ಚಿನ್ನದ ನಿಯಂತ್ರಣವೇ ಕಾಯಂ ಕಾಯ್ದೆಯಾಯಿತು, ಅದು ಹೋಗಿದ್ದು 1990ರಲ್ಲಿ.

ತಂದೆ ದೇಶಕ್ಕೆ ಬೈದಿದ್ದು ನಾನು ಕೇಳಿಲ್ಲ. ಕೊಟ್ಟ ಉಂಗುರದ ಬಗ್ಗೆ ಬೇಜಾರೂ ಇರಲಿಲ್ಲ. ಅವರಿಗೆ ಇದ್ದ ನೋವು ಒಂದೇ. "ಕೇಳಿದ್ದರೆ ಇನ್ನೂ ಕೊಡುತ್ತಿದ್ದೆ, ಕೆಲಸ ಯಾಕೆ ಕಿತ್ತುಕೊಂಡರು" ಅನ್ನುತ್ತಿದ್ದರು.

ಇನ್ನೊಂದು ವಿಷಯ ನಮ್ಮ ಕರ್ನಾಟಕದ್ದು. ಕೋಲಾರದ ಚಿನ್ನದ ಗಣಿ 1956ರಿಂದ ಮೈಸೂರು ಸರ್ಕಾರದ ಕೈಯಲ್ಲಿತ್ತು. ಅದು ಕೇಂದ್ರಕ್ಕೆ ಹೋಗಿದ್ದು 1962ರ ಡಿಸೆಂಬರ್ 1ಕ್ಕೆ. ದಿನಾಂಕ ನೋಡಿ. ನೆಲದೊಳಗಿನ ಚಿನ್ನವೂ, ಹೆಂಗಸರ ಕೈಯಲ್ಲಿದ್ದ ಚಿನ್ನವೂ ಒಂದೇ ಚಳಿಗಾಲದಲ್ಲಿ ದೆಹಲಿಗೆ ಹೋಯಿತು.

ಅರಸೀಕೆರೆ ಮೇಷ್ಟ್ರು:

ಅಕ್ಕಸಾಲಿ ಮಗ ಅವರೇ, ನಿಮ್ಮ ತಂದೆಯ ಮಾತು ಓದಿ ಮೊಮ್ಮಗನಿಗೆ ಸ್ವಲ್ಪ ನಿಲ್ಲಿಸು ಅಂದೆ. ನಮ್ಮ ಬೀದಿಯಲ್ಲೂ ಒಬ್ಬ ಪತ್ತಾರರು ಇದ್ದರು. 63ರಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟರು. ಯಾಕೆ ಅಂತ ನಾವು ಹುಡುಗರು ಕೇಳಲೇ ಇಲ್ಲ. ಪಂಕ್ಚರ್ ಹಾಕಿಸಿಕೊಂಡು ಬರುತ್ತಿದ್ದೆವು. ಅರವತ್ತು ವರ್ಷ ಆದ ಮೇಲೆ ಈಗ ಗೊತ್ತಾಗುತ್ತಿದೆ.

63ರ ಬಜೆಟ್ಟೂ ನೆನಪಿದೆ. ಸೀಮೆಎಣ್ಣೆ ಬೆಲೆ ಏರಿತು. ನಮ್ಮ ಮನೆಯಲ್ಲಿ ಎರಡು ಲಾಂದ್ರದ ಬದಲು ಒಂದು ಹಚ್ಚತೊಡಗಿದರು. ನಾನು, ಅಕ್ಕ ಒಂದೇ ದೀಪದ ಎರಡು ಕಡೆ ಕೂತು ಓದುತ್ತಿದ್ದೆವು.

ಹಳೇ ಪೇಪರ್ ಓದುವವನು:

ಹೌದು ಮೇಷ್ಟ್ರೇ, ಆ ಬಜೆಟ್ಟಿನಲ್ಲಿ ರಕ್ಷಣೆಗೆ 867 ಕೋಟಿ ಇಟ್ಟರು. ಮೊದಲಿದ್ದದ್ದರ ಎರಡು ಪಟ್ಟಿಗಿಂತ ಜಾಸ್ತಿ. ಸೀಮೆಎಣ್ಣೆ ಸುಂಕದ ಜೊತೆಗೆ ಕಡ್ಡಾಯ ಠೇವಣಿ ಅಂತ ಒಂದು ತಂದರು, ಕಂದಾಯ ಕಟ್ಟುವ ರೈತರಿಂದ ಹಿಡಿದು ಸಂಬಳದವರವರೆಗೆ. ಜನ ನವೆಂಬರಿನಲ್ಲಿ ತಾವಾಗಿ ಕೊಟ್ಟಿದ್ದರು, ಮಾರ್ಚಿನಲ್ಲಿ ಕಿತ್ತುಕೊಂಡ ಹಾಗಾಯಿತು. ಅದರ ಉತ್ತರ ಮೇ ತಿಂಗಳ ಉಪಚುನಾವಣೆಗಳಲ್ಲಿ ಬಂತು. ನೆಹರು ಅವರನ್ನು ವಿರೋಧಿಸುತ್ತಿದ್ದ ನಾಯಕರಾದ ಕೃಪಲಾನಿ, ಲೋಹಿಯಾ, ಮಸಾನಿ, ಮೂವರೂ ಕಾಂಗ್ರೆಸ್ಸನ್ನು ಸೋಲಿಸಿ ಲೋಕಸಭೆಗೆ ಬಂದರು. ಆಗಸ್ಟಿನಲ್ಲಿ ಕೃಪಲಾನಿ ಅವರು ನೆಹರು ಸರ್ಕಾರದ ಮೇಲೆ ಅವಿಶ್ವಾಸ ನಿರ್ಣಯ ತಂದರು, ಸ್ವತಂತ್ರ ಭಾರತದ ಮೊದಲ ಅವಿಶ್ವಾಸ ಅದು. 62 ಮತ ಪರ, 347 ವಿರುದ್ಧ. ಬಿತ್ತು, ಆದರೆ ನಾಲ್ಕು ದಿನ ನೆಹರು ಕೂತು ಕೇಳಿಸಿಕೊಂಡರು.

ತೇಜಪುರದಲ್ಲಿ ಇದ್ದವನು:

ನಾನು ಎಂಬತ್ತರ ದಶಕದಲ್ಲಿ ಕೆಲಸದ ಮೇಲೆ ಅಸ್ಸಾಮಿನ ತೇಜಪುರದಲ್ಲಿ ಮೂರು ವರ್ಷ ಇದ್ದೆ. ಅಲ್ಲಿಯವರಿಗೆ 1962 ಇನ್ನೂ ನಿನ್ನೆ ಇದ್ದ ಹಾಗೆ ಇತ್ತು. ನಮಗೆ ದೂರದ ಯುದ್ಧ, ಅವರಿಗೆ ಮನೆ ಬಾಗಿಲು.

ನೇಫಾದ ಬೊಮ್ಡಿಲಾ ಪಟ್ಟಣ ಚೀನಾದ ಕೈಗೆ ಬಿದ್ದ ಸುದ್ದಿ ಬಂದ ಮೇಲೆ ಒಂದೆರಡು ದಿನದಲ್ಲಿ ಊರು ಖಾಲಿಯಾಯಿತು. ಬ್ರಹ್ಮಪುತ್ರ ದಾಟಲು ದೋಣಿಗೆ ನೂಕುನುಗ್ಗಲು. ದೊಡ್ಡ ಅಧಿಕಾರಿಗಳೂ ಹೊರಟುಬಿಟ್ಟರು. ಬ್ಯಾಂಕಿನವರು ನೋಟಿನ ಕಂತೆ ಸುಟ್ಟರು, ನಾಣ್ಯವನ್ನು ಕೆರೆಗೆ ಸುರಿದರು. ಜೈಲಿನ ಬಾಗಿಲು ತೆಗೆದರು, ಮಾನಸಿಕ ಆಸ್ಪತ್ರೆಯದ್ದೂ. ನನ್ನ ಮನೆ ಮಾಲೀಕರಿಗೆ ಆಗ ಇಪ್ಪತ್ತು ವರ್ಷ. ಅವರ ಅಜ್ಜಿ ನಾನು ಬರುವುದಿಲ್ಲ ಅಂತ ಹಟ ಹಿಡಿದು ಕೂತರಂತೆ, ಆದ್ದರಿಂದ ಇವರೂ ಉಳಿದರು. ಬೀದಿಯಲ್ಲಿ ಒಬ್ಬ ಮನುಷ್ಯ ಇರಲಿಲ್ಲ, ಕಟ್ಟಿ ಹಾಕಿದ್ದ ಹಸುಗಳು ಹಾಲು ಕರೆಯುವವರಿಲ್ಲದೆ ಕೂಗುತ್ತಿದ್ದವು ಅಂತ ಹೇಳುತ್ತಿದ್ದರು. ಸುತ್ತಾಡಿ ಸಿಕ್ಕಿದ ಹಸುಗಳ ಹಗ್ಗ ಬಿಚ್ಚಿದರಂತೆ.

ಆ ಹೊತ್ತಲ್ಲಿ ನೆಹರು ರೇಡಿಯೋದಲ್ಲಿ, ಅಸ್ಸಾಮಿನ ಜನಕ್ಕಾಗಿ ನನ್ನ ಮನಸ್ಸು ಮಿಡಿಯುತ್ತದೆ ಅನ್ನುವ ಅರ್ಥದಲ್ಲಿ ಮಾತಾಡಿದರು. ಧೈರ್ಯ ಹೇಳಲು ಹೇಳಿದ್ದಿರಬಹುದು. ಅಲ್ಲಿಯವರಿಗೆ ಅದು ಕೇಳಿಸಿದ್ದು ನಮ್ಮನ್ನು ಬಿಟ್ಟುಕೊಟ್ಟರು ಅಂತ. ನಾನಿದ್ದಾಗಲೂ ಆ ಮಾತು ಎತ್ತಿದರೆ ಅವರ ಮುಖ ಬಿಗಿಯುತ್ತಿತ್ತು. ಚೀನಾ ತಾನಾಗಿ ಕದನ ನಿಲ್ಲಿಸುತ್ತೇವೆ ಅಂದಿದ್ದು 21ಕ್ಕೆ. ಊರು ಬಿಟ್ಟವರು ಮರಳಿ ಬಂದರು. ಆದರೆ ಅಧಿಕಾರಿಗಳನ್ನು ಮೊದಲಿನ ಹಾಗೆ ನಂಬಲಿಲ್ಲ.

ಆ ಯುದ್ಧದಲ್ಲಿ ಸತ್ತ ನಮ್ಮ ಸೈನಿಕರು 1,383, ಕಾಣೆಯಾದವರು 1,696, ಸೆರೆಯಾದವರು 3,968 ಅಂತ ಸರ್ಕಾರದ ಲೆಕ್ಕ. ಕಾಣೆಯಾದವರ ಮನೆಗಳಲ್ಲಿ ಎಷ್ಟು ವರ್ಷ ಕಾದಿರಬಹುದು ಅಂತ ಯೋಚಿಸುತ್ತೇನೆ.

ತುರುವೇಕೆರೆ ಮೊಮ್ಮಗಳು:

ಇಷ್ಟು ಜನ ಇಷ್ಟು ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ತೇಜಪುರದ ಅಜ್ಜಿಯ ವಿಷಯ ಇನ್ನೊಂದು ಸಲ ಓದು ಅಂದಳು.

ಅಮ್ಮನಿಗೆ ಒಂದು ನೆನಪಾಯಿತು. ನಮ್ಮಜ್ಜಿ ದೀಪಾವಳಿಗೆ ಪ್ರತಿ ವರ್ಷ ಒಂದು ದೀಪವನ್ನು ಬಾಗಿಲ ಹೊರಗೆ, ತುಳಸಿಕಟ್ಟೆಗಿಂತ ಆಚೆ, ದಾರಿಯ ಕಡೆಗೆ ಇಡುತ್ತಿದ್ದರಂತೆ. ಯಾರಿಗೆ ಅಂತ ಕೇಳಿದರೆ "ಹೋದವರಿಗೆ" ಅನ್ನುತ್ತಿದ್ದರಂತೆ. ಮನೆಯಲ್ಲಿ ತೀರಿಕೊಂಡವರಿಗೆ ಅಂತ ಅಮ್ಮ ಅಂದುಕೊಂಡಿದ್ದಳು. ನಮ್ಮ ಬೀದಿಯಿಂದ ಯಾರಾದರೂ ಸೈನ್ಯಕ್ಕೆ ಹೋಗಿದ್ದರಾ ಅಂತ ಈಗ ಊರಿನ ಹಿರಿಯರನ್ನು ಕೇಳಬೇಕು.

ದಾವಣಗೆರೆ ಅಕ್ಕಸಾಲಿ ಮಗ:

ತಂಗಿ, ಒಂದು ಕೇಳುತ್ತೇನೆ. ರಸೀದಿಯಲ್ಲಿ ತೂಕ ಇದೆಯಾ? ಹಿಂಭಾಗ ನೋಡಿ. ನಮ್ಮ ತಂದೆ ತೂಗಿದ್ದಕ್ಕೆಲ್ಲಾ ಹಿಂದೆ ಪೆನ್ಸಿಲಿನಲ್ಲಿ ತೊಲದ ಲೆಕ್ಕ ಬರೆದು ಒಂದು ಗುರುತು ಹಾಕುತ್ತಿದ್ದರು. ನಿಮ್ಮ ಊರಲ್ಲೂ ಯಾವನೋ ಅಕ್ಕಸಾಲಿ ತೂಗಿರುತ್ತಾನೆ.

ತುರುವೇಕೆರೆ ಮೊಮ್ಮಗಳು:

ಅಣ್ಣ, ಇದೆ! ಈಗ ಕಿಟಕಿ ಹತ್ತಿರ ಹಿಡಿದು ನೋಡಿದೆ. ಪೆನ್ಸಿಲು ಮಾಸಿದೆ. "ಮೂರು ತೊಲ" ಅಂತ ಕಾಣುತ್ತದೆ, ಆಮೇಲೆ ಒಂದು ಅಂಕಿ ಅಳಿಸಿಹೋಗಿದೆ. ಕೆಳಗೆ ಒಂದು ಸಣ್ಣ ಸಹಿ, ಓದಲು ಬರುತ್ತಿಲ್ಲ. ನಾಳೆ ಫೋಟೋ ತೆಗೆದು ಹಾಕುತ್ತೇನೆ, ನಿಮಗೆ ಓದಲು ಬರುತ್ತದಾ ನೋಡಿ.